ವಳಿವಡೆಯ ನೆನಪು, ನಮ್ಮ ಮೌನ

ರಮಜಾನ್ ಹತ್ತಿರ ಬಂತೆಂದರೆ ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಸಣ್ಣ ಬಟ್ಟೆ ಅಂಗಡಿಯವರಲ್ಲಿ ಕೆಲವರು ಮಾಲು ತರಲು ಕೊಲ್ಲಾಪುರದ ಗಾಂಧಿನಗರಕ್ಕೆ ಹೋಗುತ್ತಾರೆ. ಸಗಟು ಬಟ್ಟೆಗೆ ಅದು ಹೆಸರಾದ ಪೇಟೆ. ಅಲ್ಲಿನ ವ್ಯಾಪಾರಿಗಳಲ್ಲಿ ಬಹಳಷ್ಟು ಜನ ಸಿಂಧಿಗಳು. 1947ರ ದೇಶವಿಭಜನೆಯಲ್ಲಿ ಮನೆ-ಮಾರು ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು. ಈ ಸಂಗತಿ ನಮ್ಮ ಅಂಗಡಿಯವರಿಗೂ ಗೊತ್ತು. ಆದರೆ ಸಿಂಧಿಗಳು ಬಂದಿಳಿಯುವ ಮೊದಲೇ ಆ ನೆಲದ ಮೇಲೆ ಇನ್ನೊಂದು ನಿರಾಶ್ರಿತರ ಊರು ಎದ್ದು, ಐದು ವರ್ಷ ಬಾಳಿ, ಖಾಲಿಯಾಗಿತ್ತು ಎಂಬುದು ಹೆಚ್ಚಿನವರಿಗೆ ತಿಳಿಯದು. ಆ ಊರಿನ ಹೆಸರು ವಳಿವಡೆ. ಅಲ್ಲಿದ್ದವರು ಪೋಲೆಂಡಿನ ಜನ.

ಹುಬ್ಬಳ್ಳಿಯಿಂದ ಕೊಲ್ಲಾಪುರ ಸುಮಾರು ಇನ್ನೂರು ಕಿಲೋಮೀಟರ್. ಪೋಲೆಂಡಿನಿಂದ ಅಲ್ಲಿಗೆ ಬರಲು ಆ ಜನ ಸುತ್ತಿದ್ದು ಅರ್ಧ ಭೂಮಿ. 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೈನ್ಯ ಪಶ್ಚಿಮದಿಂದ ಪೋಲೆಂಡಿನೊಳಗೆ ನುಗ್ಗಿತು. ಅದೇ ತಿಂಗಳ 17ರಂದು ಸ್ಟಾಲಿನ್‌ನ ಸೈನ್ಯ ಪೂರ್ವದಿಂದ ಬಂದಿತು. ಪೂರ್ವದ ಜಿಲ್ಲೆಗಳು ಸೋವಿಯತ್ ಕೈಗೆ ಸಿಕ್ಕವು. 1940ರ ಫೆಬ್ರವರಿ 10ರ ಚಳಿಯಲ್ಲಿ, ಬೆಳಕು ಹರಿಯುವ ಮೊದಲು, ಬಾಗಿಲು ಬಡಿಯುವುದು ಆರಂಭವಾಯಿತು. ಅರಣ್ಯ ಕಾವಲುಗಾರರು, ಸರಕಾರ ಜಮೀನು ಕೊಟ್ಟಿದ್ದ ಮಾಜಿ ಸೈನಿಕರು, ಅವರ ಹೆಂಡಿರು ಮಕ್ಕಳು, ಅಜ್ಜ ಅಜ್ಜಿಯರು—ಎಲ್ಲರನ್ನೂ ಸರಕು ಗಾಡಿಗಳಲ್ಲಿ ತುಂಬಿ ಉತ್ತರ ರಷ್ಯಾದ ಅರ್ಖಾಂಗೆಲ್ಸ್ಕ್ ಕಡೆಗೆ, ಸೈಬೀರಿಯಕ್ಕೆ ಸಾಗಿಸಿದರು. ಆ ಒಂದು ಸರದಿಯಲ್ಲೇ ಸುಮಾರು 1,40,000 ಜನ. ಏಪ್ರಿಲ್‌ನಲ್ಲಿ ಇನ್ನೊಂದು ಸರದಿ. ಅದರಲ್ಲಿ ಹೆಚ್ಚಿನವರು ಸೆರೆಯಾದವರ ಹೆಂಡಿರು, ಮಕ್ಕಳು. ಅವರು ಹೋದದ್ದು ಕಝಾಕಿಸ್ತಾನಕ್ಕೆ. ಜೂನ್‌ನಲ್ಲಿ ಮೂರನೆಯದು, 1941ರ ಜೂನ್‌ನಲ್ಲಿ ನಾಲ್ಕನೆಯದು. ಸೋವಿಯತ್ ದಫ್ತರಗಳ ಲೆಕ್ಕದಂತೆ ಒಟ್ಟು ಮೂರು ಲಕ್ಷಕ್ಕೂ ಮಿಕ್ಕಿ ಜನ.

1941ರಲ್ಲಿ ಹಿಟ್ಲರ್ ರಷ್ಯಾದ ಮೇಲೆಯೇ ಬಿದ್ದಾಗ ಸ್ಟಾಲಿನ್‌ಗೆ ಮಿತ್ರರು ಬೇಕಾದರು. ಜುಲೈ 30ರಂದು ಲಂಡನ್ನಿನಲ್ಲಿ, ಪೋಲೆಂಡಿನ ದೇಶಭ್ರಷ್ಟ ಸರಕಾರದ ಪ್ರಧಾನಿ ಸಿಕೋರ್ಸ್ಕಿಯೊಡನೆ ಒಪ್ಪಂದವಾಯಿತು. ಗಡೀಪಾರಾದವರಿಗೆ 'ಕ್ಷಮಾದಾನ' ಸಿಕ್ಕಿತು. ಮಾಡದ ತಪ್ಪಿಗೆ ಕ್ಷಮೆ! ಜನರಲ್ ಆಂಡರ್ಸ್ ನಾಯಕತ್ವದಲ್ಲಿ ಪೋಲಿಷ್ ಸೈನ್ಯ ಕಟ್ಟುವ ಸುದ್ದಿ ಹಬ್ಬಿದಂತೆ ಜನ ದಕ್ಷಿಣಕ್ಕೆ ಹೊರಟರು. ಉಜ್ಬೇಕಿಸ್ತಾನದ ಬಯಲುಗಳಲ್ಲಿ ಹಸಿವೆಗೂ ಟೈಫಸ್ ಜ್ವರಕ್ಕೂ ಎಷ್ಟೋ ಜನ ತೀರಿಕೊಂಡರು. 1942ರಲ್ಲಿ, ಎರಡು ಸಲ, ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿ ಬಂದರಿಗೆ ಒಂದು ಲಕ್ಷಕ್ಕೂ ಹೆಚ್ಚು ಪೋಲರು ಬಂದಿಳಿದರು. ಅವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸೈನಿಕರಲ್ಲದವರು. ಇಸ್ಫಹಾನ್ ನಗರದಲ್ಲಿ ಅನಾಥ ಮಕ್ಕಳಿಗಾಗಿ ಮನೆಗಳನ್ನು ತೆರೆದರು. ಇಂದಿಗೂ ಅದನ್ನು ಪೋಲಿಷ್ ಮಕ್ಕಳ ನಗರ ಎಂದು ಕರೆಯುವವರಿದ್ದಾರೆ. ತೆಹರಾನಿನ ದೂಲಾಬ್ ಸ್ಮಶಾನದಲ್ಲಿ ಸಾವಿರಕ್ಕೂ ಮಿಕ್ಕಿ ಪೋಲರು ಮಲಗಿದ್ದಾರೆ.

ಇರಾನಿನಿಂದ ಮುಂದೆ ಎಲ್ಲಿಗೆ? ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ತಮ್ಮ ಸಂಸ್ಥಾನದ ಬಾಲಾಚಡಿಯಲ್ಲಿ ನೂರಾರು ಮಕ್ಕಳಿಗೆ 1942ರಲ್ಲಿ ಆಸರೆ ಕೊಟ್ಟರು. ಕುಟುಂಬಗಳಿಗಾಗಿ ಮರುವರ್ಷ ಕೊಲ್ಲಾಪುರ ಸಂಸ್ಥಾನದ ವಳಿವಡೆಯಲ್ಲಿ, ಪಂಚಗಂಗಾ ನದಿಯ ಸಮೀಪ, ದೊಡ್ಡ ಶಿಬಿರ ಎದ್ದಿತು. ಸುಮಾರು ಐದು ಸಾವಿರ ಜನ, ಹೆಚ್ಚಿನಂಶ ಹೆಂಗಸರು ಮತ್ತು ಮಕ್ಕಳು. ಗಂಡಸರು ಯುದ್ಧದಲ್ಲಿದ್ದರು, ಇಲ್ಲವೇ ಇರಲೇ ಇಲ್ಲ. ಬಿದಿರು ಚಾಪೆಯ ಗೋಡೆ, ಹಂಚಿನ ಮಾಡು, ಮುಂದೊಂದು ಪಡಸಾಲೆ. ಇಗರ್ಜಿ, ಆಸ್ಪತ್ರೆ, ಪ್ರಾಥಮಿಕ ಶಾಲೆಗಳು, ಹೈಸ್ಕೂಲು, ನಾಟಕದ ತಂಡ, ಸಿನಿಮಾ, ಸ್ಕೌಟ್ ದಳ—ಒಂದು ಊರಿಗೆ ಬೇಕಾದ್ದೆಲ್ಲ ಇತ್ತು. ಖರ್ಚು ಲಂಡನ್ನಿನ ಪೋಲಿಷ್ ಸರಕಾರದ್ದು. ತಾಯಂದಿರು ತಮ್ಮ ಒಲೆಯಲ್ಲಿ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಸರಕು ಗಾಡಿ, ಲಾರಿ, ಹಡಗು, ಡೇರೆಗಳಲ್ಲಿ ವರ್ಷಗಟ್ಟಲೆ ಕಳೆದು ಬಂದವರಿಗೆ ತಮ್ಮದೇ ಒಂದು ಒಲೆ ಸಿಕ್ಕಿತೆಂದರೆ ಏನೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧ ಮುಗಿಯಿತು, ಆದರೆ ಊರಿಗೆ ಹೋಗುವ ದಾರಿ ಮುಚ್ಚಿತ್ತು. ಅವರ ಪೂರ್ವದ ಜಿಲ್ಲೆಗಳು 1945ರಲ್ಲಿ ಸೋವಿಯತ್ ದೇಶದ ಪಾಲಾಗಿದ್ದವು. ಪೋಲೆಂಡ್ ಇತ್ತು, ಅದರಲ್ಲಿ ಅವರ ಮನೆ ಇರಲಿಲ್ಲ. ಕೆಲವರು ಪೋಲೆಂಡಿಗೆ ಮರಳಿದರು. ಹೆಚ್ಚಿನವರು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕ, ಕೆಲವರು ಆಫ್ರಿಕದ ಶಿಬಿರಗಳಿಗೆ ಚದುರಿದರು. 1948ರಲ್ಲಿ ವಳಿವಡೆ ಖಾಲಿಯಾಯಿತು. ಖಾಲಿಯಾದ ಮನೆಗಳಿಗೆ ಸಿಂಧಿಗಳು ಬಂದರು. ಒಬ್ಬರು ಬಿಟ್ಟ ಒಲೆಯಲ್ಲಿ ಇನ್ನೊಬ್ಬರು ಬೆಂಕಿ ಹೊತ್ತಿಸಿದರು.

ನಮ್ಮ ಮನಸ್ಸನ್ನು ಹಿಡಿದದ್ದು ಇಲ್ಲಿಂದ ಮುಂದಿನ ಕತೆ. ಆ ಮಕ್ಕಳು ತಮ್ಮ ನೆನಪನ್ನು ಏನು ಮಾಡಿದರು?

ಪೋಲೆಂಡಿಗೆ ಮರಳಿದವರು ಬಾಯಿ ಮುಚ್ಚಿಕೊಂಡಿರಬೇಕಾಯಿತು. ಕಮ್ಯುನಿಸ್ಟ್ ಆಳ್ವಿಕೆಯಲ್ಲಿ, ರಷ್ಯಾದವರು ನಮ್ಮನ್ನು ಗಡೀಪಾರು ಮಾಡಿದರು ಎಂದು ಬಹಿರಂಗವಾಗಿ ಹೇಳುವಂತಿರಲಿಲ್ಲ. ಪಠ್ಯಪುಸ್ತಕದಲ್ಲಿ ಅದಿರಲಿಲ್ಲ. ನೆನಪು ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು, ಉಳಿಯಿತು. 1980ರ ದಶಕದ ಕೊನೆಯಲ್ಲಿ ಆಳ್ವಿಕೆ ಸಡಿಲವಾದ ಮೇಲಷ್ಟೇ ಮಾತು ಹೊರಬಂದಿತು. 2021ರ ಸೆಪ್ಟೆಂಬರ್ 17ರಂದು ಬಿಯಾಲಿಸ್ಟೊಕ್ ನಗರದಲ್ಲಿ ಈ ಗಡೀಪಾರಿನ ಸಲುವಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತು.

ಹೊರದೇಶಗಳಲ್ಲಿ ನೆಲೆ ನಿಂತವರಿಗೆ ಆ ಭಯವಿರಲಿಲ್ಲ. ಅವರಿಗೆ ಬೇರೆ ಅಡಚಣೆ. ಹೊಟ್ಟೆಪಾಡು, ಹೊಸ ಭಾಷೆ, ಕೇಳುವವರ ಕೊರತೆ. ಆದರೂ ಭಾರತದಲ್ಲಿ ಬಾಲ್ಯ ಕಳೆದವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಒಂದು ಸಂಘ ಕಟ್ಟಿದರು. ನೌಕರಿ ಮುಗಿಸಿ, ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ, ಎಲ್ಲರೂ ಕುಳಿತು ಬರೆದರು. ಹಳೆಯ ಫೋಟೋ, ಶಾಲೆಯ ದಾಖಲೆ, ಪತ್ರ ಎಲ್ಲವನ್ನೂ ಕೂಡಿಸಿದರು. 1942ರಿಂದ 1948ರವರೆಗಿನ ಭಾರತದ ಪೋಲರ ಕುರಿತು ಆ ಸಂಗ್ರಹ 2000ರಲ್ಲಿ ಪೋಲಿಷ್ ಭಾಷೆಯಲ್ಲಿ ದಪ್ಪ ಗ್ರಂಥವಾಗಿ ಬಂದಿತು. ಮೊಮ್ಮಕ್ಕಳಲ್ಲಿ ಅನೇಕರಿಗೆ ಪೋಲಿಷ್ ಓದಲು ಬಾರದಾಗಿತ್ತು. ಮುಂದೆ ಅದನ್ನು ಇಂಗ್ಲಿಷಿಗೂ ತಂದರು. ಬರೆದವರು ಬಹುಪಾಲು ಸಾಹಿತಿಗಳಲ್ಲ. ಬರೆದದ್ದೂ ದೊಡ್ಡ ರಾಜಕೀಯವಲ್ಲ. ಬಾಗಿಲು ಬಡಿದ ರಾತ್ರಿ ಅಮ್ಮ ಕೈಗೆತ್ತಿಕೊಂಡದ್ದು ಏನು, ಗಾಡಿಯಲ್ಲಿ ನೀರು ಹೇಗೆ ಸಿಕ್ಕಿತು, ಶಾಲೆಯಲ್ಲಿ ಯಾರ ಪಕ್ಕ ಕೂಡುತ್ತಿದ್ದೆವು—ಇಂಥವು. ಗಡೀಪಾರಾದವರ ನೆನಪುಗಳಲ್ಲಿ ಹೊಲಿಗೆ ಯಂತ್ರದ ಮಾತು ಮತ್ತೆ ಮತ್ತೆ ಬರುತ್ತದೆ. ಆ ರಾತ್ರಿ ಹೊಲಿಗೆ ಯಂತ್ರ ಹೊತ್ತ ತಾಯಿಯ ಮಕ್ಕಳಿಗೆ ಸೈಬೀರಿಯದಲ್ಲಿ ರೊಟ್ಟಿ ಸಿಕ್ಕಿತು.

1998ರಲ್ಲಿ ಕೊಲ್ಲಾಪುರದ ಮಹಾವೀರ ಉದ್ಯಾನದಲ್ಲಿ ಅವರು ಕೃತಜ್ಞತೆಯ ಸ್ಮಾರಕ ನಿಲ್ಲಿಸಿದರು. 2019ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದರು, ಆಗ ಮುಪ್ಪಾಗಿದ್ದವರು. 2024ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ವಾರ್ಸಾ ನಗರಕ್ಕೆ ಹೋದಾಗ ಅಲ್ಲಿನ ಜಾಮ್ ಸಾಹೇಬ್ ಸ್ಮಾರಕಕ್ಕೂ ಕೊಲ್ಲಾಪುರ ಸ್ಮಾರಕಕ್ಕೂ ಹೂವಿಟ್ಟರು. ಎಂಟು ದಶಕ ಕಳೆದ ಮೇಲೂ ಎರಡು ದೇಶಗಳು ಈ ಮಾತನ್ನು ಆಡುತ್ತಿವೆಯೆಂದರೆ ಅದರ ಬುಡದಲ್ಲಿರುವುದು ಆ ಮುದುಕ ಮುದುಕಿಯರ ಬರಹ. ಅವರು ಬರೆಯದೆ ಹೋಗಿದ್ದರೆ ಗಾಂಧಿನಗರದಲ್ಲಿ ಅಂಗಡಿಗಳಷ್ಟೇ ಕಾಣುತ್ತಿದ್ದವು.

ಈ ಕತೆಯ ಒಂದು ಎಳೆ ನಮ್ಮ ಕಡೆಗೂ ಚಾಚಿದೆ. ಯುದ್ಧಕ್ಕೆ ಮೊದಲೇ ಭಾರತಕ್ಕೆ ಬಂದು ಗಾಂಧೀಜಿಯ ಬಳಗದಲ್ಲಿ ಉಮಾದೇವಿ ಎನಿಸಿಕೊಂಡ ವಾಂಡಾ ಡೈನೋವ್ಸ್ಕಾ ಎಂಬ ಪೋಲಿಷ್ ವಿದುಷಿ ಈ ನಿರಾಶ್ರಿತರ ನಡುವೆ ದುಡಿದರು. ಪೋಲಿಷ್ ಮತ್ತು ಭಾರತೀಯ ಭಾಷೆಗಳ ನಡುವೆ ಅನುವಾದದ ಗ್ರಂಥಮಾಲೆಯೊಂದನ್ನು ನಡೆಸಿದರು. ಟಿಬೇಟಿನಿಂದ ಜನ ಓಡಿಬಂದಾಗ ತಮ್ಮ ಕೊನೆಯ ವರ್ಷಗಳನ್ನು ಟಿಬೇಟಿ ಮಕ್ಕಳಿಗೆ ಕೊಟ್ಟರು. ತೀರಿಕೊಂಡದ್ದು 1971ರಲ್ಲಿ, ನಮ್ಮ ಮೈಸೂರಿನಲ್ಲಿ. ಕಲಘಟಗಿಯವರಿಗೆ ಟಿಬೇಟಿಗಳು ಹೊಸಬರಲ್ಲ. ಪಕ್ಕದ ಮುಂಡಗೋಡದಲ್ಲಿ 1966ರಿಂದ ಅವರ ವಸಾಹತು ಇದೆ. ಬಸ್ಸಿನಲ್ಲಿ ಜಪಸರ ಎಣಿಸುತ್ತ ಕೂತ ಟಿಬೇಟಿ ಅಜ್ಜಿಯನ್ನು ಕಂಡು ಬೆಳೆದ ಕಲಘಟಗಿಯ ಮಕ್ಕಳಿಗೆ ದೇಶ ಬಿಟ್ಟವರ ಮುಖ ಗೊತ್ತು.

ಹಾಗಾದರೆ ನಮ್ಮದೇ ಓಣಿಗಳಲ್ಲಿ, ನಮ್ಮದೇ ಮನೆಗಳಲ್ಲಿ, ಊರು ಬಿಟ್ಟು ಬಂದವರಿಲ್ಲವೇ?

ನವಲಗುಂದದ ಜಮಖಾನದಿಂದಲೇ ಶುರುಮಾಡೋಣ. ಅದಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಬಿಜಾಪುರದ ಆದಿಲಶಾಹಿ ಕಾಲದಲ್ಲಿ ಯುದ್ಧದ ಭಯಕ್ಕೆ ಊರು ಬಿಟ್ಟ ನೇಕಾರರು ಸುರಕ್ಷಿತ ನೆಲೆ ಹುಡುಕಿಕೊಂಡು ನವಲಗುಂದಕ್ಕೆ ಬಂದರು ಎಂಬುದು ಆ ಕಸುಬಿನ ಬಗ್ಗೆ ಬಂದ ಮಾತು. ನವಿಲು, ಪಗಡೆಯ ಹಾಸು, ಜಾನಮಾಜ್‌ನ ಕಮಾನು ಅದರ ಚಿತ್ತಾರ. ಅತ್ತೆಯ ಕೈಯಿಂದ ಸೊಸೆಯ ಕೈಗೆ ದಾಟಿದ ಈ ನೇಯ್ಗೆಯಲ್ಲಿ ಕಸುಬಿನ ನೆನಪು ಉಳಿದಿದೆ. ಆದರೆ ಬಿಟ್ಟು ಬಂದ ಓಣಿಯ ಹೆಸರೇನು, ದಾರಿಯಲ್ಲಿ ಯಾರು ನೀರು ಕೊಟ್ಟರು ಎಂಬುದನ್ನು ನವಿಲಾಗಲಿ ಕಮಾನಾಗಲಿ ಹೇಳಲಾರದು.

ಜಮಖಾನದ ಮಾತು ಹಳೆಯದಾಯಿತು. 1948ರದು ಹಳೆಯದಲ್ಲ. ವಳಿವಡೆ ಖಾಲಿಯಾದ ವರ್ಷವೇ ನಮ್ಮ ಪೂರ್ವದ ಗಡಿಯಲ್ಲಿ ಚಕ್ಕಡಿಗಳು ಹೊರಟಿದ್ದವು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕೊಪ್ಪಳ, ಯಲಬುರ್ಗಾ ನಿಜಾಮನ ಹೈದರಾಬಾದಿನಲ್ಲಿದ್ದವು. ರಜಾಕಾರರ ಹಾವಳಿ ತಾಳದೆ ಅಲ್ಲಿಯ ಹಿಂದೂ ಕುಟುಂಬಗಳು ಗದಗ, ಮುಂಡರಗಿ, ಗಜೇಂದ್ರಗಡ ಕಡೆಗೆ ಬಂದವು. ನಮ್ಮ ಧರ್ಮದ ಹೆಸರು ಹೇಳಿಕೊಂಡವರು ಮಾಡಿದ ಆ ದೌರ್ಜನ್ಯವನ್ನು ನಾವು ಮುಚ್ಚಿಡಬೇಕಿಲ್ಲ; ಮುಚ್ಚಿಡಲೂಬಾರದು. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೈನ್ಯ ಕಾರ್ಯಾಚರಣೆ ನಡೆಸಿ ಹೈದರಾಬಾದನ್ನು ವಶಕ್ಕೆ ತೆಗೆದುಕೊಂಡಿತು. ಅದರ ಬೆನ್ನಿಗೆ ಏಟು ತಿಂದವರು ಮುಸಲ್ಮಾನರು. ರಜಾಕಾರರ ಮುಖವನ್ನೂ ನೋಡದ ರೈತರು, ಕೂಲಿಗಳು, ಪಿಂಜಾರರು ಅದರಲ್ಲಿದ್ದರು.

ಭಾರತ ಸರಕಾರವೇ ಪಂಡಿತ ಸುಂದರಲಾಲ್ ಅವರ ಸಮಿತಿಯನ್ನು ಅಲ್ಲಿಗೆ ಕಳಿಸಿತು. ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅದರ ಇನ್ನಿಬ್ಬರು ಸದಸ್ಯರು. ಸತ್ತವರ ಸಂಖ್ಯೆ 27,000ದಿಂದ 40,000 ಎಂದು ಅವರು ಅಂದಾಜು ಮಾಡಿದರು. ಉಸ್ಮಾನಾಬಾದ್, ನಾಂದೇಡ್ ಜೊತೆಗೆ ನಮ್ಮ ಗುಲಬರ್ಗಾ, ಬೀದರ್ ಜಿಲ್ಲೆಗಳು ಹೆಚ್ಚು ನೊಂದವು ಎಂದರು. ವರದಿ ದಶಕಗಟ್ಟಲೆ ಕಪಾಟಿನಲ್ಲಿತ್ತು. ದಿಲ್ಲಿಯ ನೆಹರೂ ಗ್ರಂಥಾಲಯದಲ್ಲಿ ಸಾಮಾನ್ಯರ ಕೈಗೆ ಸಿಕ್ಕಿದ್ದು 2013ರ ಹೊತ್ತಿಗೆ. ಆ ವರದಿಯಲ್ಲೇ ಇನ್ನೊಂದು ಸಂಗತಿಯೂ ಇದೆ. ಹಿಂದೂ ನೆರೆಯವರು ತಮ್ಮ ಜೀವ ಒತ್ತೆಯಿಟ್ಟು ಮುಸ್ಲಿಮರನ್ನು ಕಾಪಾಡಿದ ನಿದರ್ಶನಗಳನ್ನು ಸಮಿತಿ ಕಂಡಿತು. ಒಂದೇ ಕಸುಬಿನವರಲ್ಲಿ ಈ ಮಮತೆ ಹೆಚ್ಚಾಗಿತ್ತು. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ನಿಂತು ಪ್ರಾಣವನ್ನೂ ಕಳೆದುಕೊಂಡರು. ಕೊಂದವರ ಲೆಕ್ಕ ಗೊತ್ತಿರಬೇಕು, ನಿಜ. ಕಾಯ್ದವರ ಹೆಸರು ಯಾರು ಬರೆದಿಡುವರು?

ನಮ್ಮ ದಾದಿ ಯಲಬುರ್ಗಾ ಕಡೆಯ ಹಳ್ಳಿಯವರು. ಅಣ್ಣಿಗೇರಿಗೆ ಬಂದದ್ದು ಆ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ. ಮನೆಯೊಳಗೆ ದಖನಿ, ಓಣಿಯಲ್ಲಿ ಅಚ್ಚ ಕನ್ನಡ ಆಡುತ್ತಿದ್ದ ಅವರು ತಾರೀಖು ಹೇಳುತ್ತಿರಲಿಲ್ಲ, 'ಆ ವರ್ಷ' ಎನ್ನುತ್ತಿದ್ದರು. ಅವರು ಹೇಳಿದ್ದು ಇಷ್ಟು: ರಾತ್ರಿ ಚಕ್ಕಡಿ ಕಟ್ಟಿದರು. ಗಾಲಿ ಕಿರ್ರೆನ್ನಬಾರದೆಂದು ಅಚ್ಚಿಗೆ ಹಚ್ಚಲು ಎಣ್ಣೆ ಇರಲಿಲ್ಲ, ಗಡಿಗೆಯಲ್ಲಿದ್ದ ಬೆಣ್ಣೆಯನ್ನೇ ಹಚ್ಚಿದರು. ಪಕ್ಕದ ಮನೆಯ ಗಾಣಿಗರ ಹೆಂಗಸು ಮುಂದೆ ಮುಂದೆ ಕಂದೀಲಿಲ್ಲದೆ ನಡೆದು ಹಳ್ಳದ ದಾರಿ ತೋರಿಸಿದಳು. ಎಮ್ಮೆಯನ್ನು ಅವಳ ಹಕ್ಕಿಯಲ್ಲಿ ಬಿಟ್ಟು ಬಂದರು. ಕೆಲವು ತಿಂಗಳ ಮೇಲೆ ಎಮ್ಮೆ ಕರು ಹಾಕಿದಾಗ ಆಕೆ ಸಂತೆಗೆ ಬರುವವರ ಕೈಯಲ್ಲಿ ಗಿಣ್ಣ ಕಾಸಿ ಕಳಿಸಿದಳು. 'ಗಡಿ ದಾಟಿ ಗಿಣ್ಣ ಬಂತು ನೋಡ್ರಿ, ಬಾಯಾಗ ಇಡಾಕ ಆಗಲಿಲ್ಲ' ಎನ್ನುತ್ತಿದ್ದರು ದಾದಿ. ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಮುಂದೆ ಕೇಳಿದರೆ, 'ಸಾಕ್ರವ್ವಾ, ಕೂಸುಗಳ ಮುಂದ ಅದ್ಯಾಕ' ಎಂದು ಎದ್ದು ಹೋಗುತ್ತಿದ್ದರು.

ದಾದಿ ತೀರಿಕೊಂಡ ಮೇಲೆ ಅವರ ಸಂದೂಕದಲ್ಲಿ ನಮ್ಮ ದಾದಾರ ಹಿಸಾಬಿನ ವಹಿ ಸಿಕ್ಕಿತು. ಉರ್ದುವಿನಲ್ಲಿ, ಅದೂ ಮುನಶಿಗಳ ಶಿಕಸ್ತಾ ಕೈಬರಹದಲ್ಲಿ. ನಾವು ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆ, ಮುಂದೆ ಕನ್ನಡ ಹೈಸ್ಕೂಲು ಓದಿದವರು. ಆದ್ದರಿಂದ ತಡವರಿಸುತ್ತಲಾದರೂ ಓದಲು ಬಂದಿತು. ನಮ್ಮ ಮನೆಯ ಮುಂದಿನ ಪೀಳಿಗೆ ಓದುವುದು ಕನ್ನಡ, ಇಂಗ್ಲಿಷ್. ಅವರಿಗೆ ಆ ವಹಿ ಇರುವೆ ಸಾಲು ಮಾತ್ರ. ಜೋಳದ ಧಾರಣಿ, ಕೂಲಿ, ಸಾಲದ ಲೆಕ್ಕಗಳ ನಡುವೆ ಒಂದು ಪುಟದಲ್ಲಿ, ಚಕ್ಕಡಿಯಲ್ಲಿ ಹೊರಟವರ ಹೆಸರುಗಳಿದ್ದವು. ಹನ್ನೊಂದು ಹೆಸರು. ದಾದಿ ಹೇಳುತ್ತಿದ್ದದ್ದು ಯಾವಾಗಲೂ ಒಂಬತ್ತು ಜನ. ಉಳಿದ ಎರಡರಲ್ಲಿ ಒಂದು ಹೆಸರಿನ ಮುಂದೆ 'ಬಚ್ಚಿ' ಎಂದಿತ್ತು. ಹಳ್ಳದಲ್ಲೇನಾಯಿತು, ಜ್ವರವೋ, ನೀರೋ, ಮನುಷ್ಯರೋ—ಹೇಳಲು ಈಗ ಯಾರೂ ಇಲ್ಲ. ನಮ್ಮ ಮನೆತನದಲ್ಲಿ ಸತ್ತವರ ಹೆಸರನ್ನು ಮಕ್ಕಳಿಗಿಡುವ ವಾಡಿಕೆಯಿದೆ. ಆ ಎರಡು ಹೆಸರುಗಳನ್ನು ಯಾರಿಗೂ ಇಟ್ಟಿಲ್ಲ.

ದಾದಿ ಏಕೆ ಹೇಳಲಿಲ್ಲ? ಅದು ಮರೆವಲ್ಲ. ಬಂದ ಊರಿನಲ್ಲಿ ಬದುಕು ಕಟ್ಟಬೇಕಿತ್ತು. ಹಳೆಯ ಗಾಯ ತೋರಿಸಿದರೆ ಹೊಸ ನೆರೆಯವರಿಗೆ ಇರಿಸುಮುರಿಸು. ನಮ್ಮ ಮಕ್ಕಳ ಎದೆಯಲ್ಲಿ ದ್ವೇಷ ಬೇರು ಬಿಟ್ಟೀತೆಂಬ ಅಂಜಿಕೆ ಬೇರೆ. ಈ ಮೌನದಲ್ಲಿ ದೊಡ್ಡ ಸಬರ್ ಇದೆ, ಅದನ್ನು ನಾವು ಗೌರವಿಸುತ್ತೇವೆ. ಆದರೆ ಮೌನದ ಜೊತೆಗೆ ಗಾಣಿಗರ ಆ ಹೆಣ್ಣುಮಗಳೂ ಮಣ್ಣಾದಳಲ್ಲ! ಅವಳ ಹೆಸರು ವಹಿಯಲ್ಲಿಲ್ಲ. ಈಚೆಗೆ ಎರಡೂ ಕಡೆಯಿಂದ 1948ರ ಬಗ್ಗೆ ಗಂಟಲು ಹರಿಯುವಂತೆ ಮಾತಾಡುವವರಿದ್ದಾರೆ. ಬೆಣ್ಣೆ ಹಚ್ಚಿದ ಗಾಲಿಯಾಗಲಿ, ಗಡಿ ದಾಟಿದ ಗಿಣ್ಣವಾಗಲಿ ಅವರಿಗೆ ಬೇಕಿಲ್ಲ. ಮನೆಮನೆಯ ನೆನಪು ಬರೆದಿಡದ ಕಡೆ ಭಾಷಣಕಾರರ ನೆನಪೇ ಊರಿನ ನೆನಪಾಗಿ ನಿಲ್ಲುತ್ತದೆ.

ನೆನಪಿಡುವುದು ನಮ್ಮ ನಾಡಿಗೆ ಬಾರದ್ದೇನಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿಗೆ ವರ್ಷವರ್ಷವೂ ಸಂಗೀತ ನಡೆಯುತ್ತದೆ. ನವಲಗುಂದದವರು 1980ರ ಜುಲೈ 21ರ ಗೋಲಿಬಾರಿನಲ್ಲಿ ಸತ್ತ ರೈತನನ್ನು ಇಂದಿಗೂ ಮರೆತಿಲ್ಲ. ಹಾಡಿಗೂ ಹೋರಾಟಕ್ಕೂ ಸಿಕ್ಕ ಜಾಗ, ಊರು ಬಿಟ್ಟು ಬಂದ ಹೆಂಗಸರ ಮಾತಿಗೆ ಸಿಕ್ಕಿಲ್ಲ ಅಷ್ಟೇ.

ನೆನಪು ಪೂರ್ತಿ ಅಳಿದರೆ ಏನಾಗುತ್ತದೆ ಎಂಬುದಕ್ಕೂ ಅಣ್ಣಿಗೇರಿಯೇ ಸಾಕ್ಷಿ. 2010ರಲ್ಲಿ ಅಲ್ಲಿ ಚರಂಡಿ ತೋಡುವಾಗ ನೂರಾರು ತಲೆಬುರುಡೆಗಳು ಸಾಲಾಗಿ ಸಿಕ್ಕವು. ಯುದ್ಧವೆಂದರು, ಬರಗಾಲವೆಂದರು. ಪ್ರಯೋಗಾಲಯಗಳಿಗೆ ಕಳಿಸಿದರು, ಕಾಲದ ಬಗ್ಗೆಯೇ ಬೇರೆ ಬೇರೆ ಮಾತು ಬಂದವು. ಅವರೂ ಯಾರದೋ ತಂದೆ, ಯಾರದೋ ಬಚ್ಚಿ. ಹೆಸರು ಹೇಳುವ ಒಂದು ಸಾಲೂ ಉಳಿದಿಲ್ಲದ್ದರಿಂದ ಅವರು ಎಣಿಕೆಯಾಗಿ ಉಳಿದರು.

ವಳಿವಡೆಯ ಮಕ್ಕಳಿಂದ ನಾವು ಕಲಿಯುವುದು ಕಷ್ಟದ ವಿದ್ಯೆಯೇನಲ್ಲ. ಎಂಬತ್ತು ದಾಟಿದವರು ನಿಮ್ಮ ಮನೆಯಲ್ಲಿದ್ದರೆ, ಅವರು ಯಾವ ಜಾತಿ ಧರ್ಮದವರೇ ಇರಲಿ, ಒಂದು ನೋಟುಬುಕ್ಕು ಹಿಡಿದು ಕೂಡಿರಿ. ಏನು ಅನ್ಯಾಯವಾಯಿತು ಎಂದು ಮೊದಲೇ ಕೇಳಬೇಡಿರಿ. ಆ ಪ್ರಶ್ನೆಗೆ ಬಾಯಿ ಮುಚ್ಚುತ್ತದೆ. ಗಂಟಿನಲ್ಲಿ ಏನೇನು ಕಟ್ಟಿಕೊಂಡಿರಿ, ಮೊದಲ ರಾತ್ರಿ ಯಾರ ಪಡಸಾಲೆಯಲ್ಲಿ ಮಲಗಿದಿರಿ, ಯಾರು ಉಣ್ಣಲು ಕೊಟ್ಟರು, ಏನು ಕೊಟ್ಟರು ಎಂದು ಕೇಳಿರಿ. ಊರಿನ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆಯಿರಿ. ಮನೆಯಲ್ಲಿ ಉರ್ದು, ಮೋಡಿ ಅಕ್ಷರದ ಹಳೆಯ ಕಾಗದಗಳಿದ್ದರೆ ರದ್ದಿಗೆ ಹಾಕಬೇಡಿರಿ; ಓದಬಲ್ಲವರು ಇರುವಾಗಲೇ ಓದಿಸಿ ಕನ್ನಡದಲ್ಲಿ ಇಳಿಸಿಕೊಳ್ಳಿರಿ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಅವರ ದನಿಯನ್ನೂ ಹಿಡಿದಿಡಿರಿ.

ನಾವು ದಾದಾರ ವಹಿಯ ಆ ಪುಟವನ್ನು ಕನ್ನಡ ಲಿಪಿಯಲ್ಲಿ ಬರೆದು ಮನೆಯ ಮಕ್ಕಳ ಕೈಗೆ ಕೊಟ್ಟಿದ್ದೇವೆ. ಹನ್ನೊಂದು ಹೆಸರು ಬರೆದು, ಹನ್ನೆರಡನೆಯ ಸಾಲಿನಲ್ಲಿ 'ದಾರಿ ತೋರಿಸಿದ ಗಾಣಿಗರ ಹೆಣ್ಣುಮಗಳು' ಎಂದು ಸೇರಿಸಿದ್ದೇವೆ. ಯಲಬುರ್ಗಾ ಕಡೆಯ ಯಾವುದೋ ಮನೆಯಲ್ಲಿ ಅವಳ ಮೊಮ್ಮಕ್ಕಳಿರಬಹುದು. ತಮ್ಮ ಅಜ್ಜಿ ಗಿಣ್ಣ ಕಾಸಿ ಅಣ್ಣಿಗೇರಿಗೆ ಕಳಿಸಿದ್ದಳೆಂಬ ಮಾತು ಅವರ ಕಿವಿಗೆ ಬಿದ್ದಿದ್ದರೆ, ಅವಳ ಹೆಸರನ್ನು ನಮಗೆ ತಿಳಿಸಲಿ. ಆ ಸಾಲನ್ನು ತಿದ್ದಿ ಬರೆಯುತ್ತೇವೆ.